ಜಿರಾದ ಕೆಲಸವನ್ನು ಪ್ರಾಜೆಕ್ಟ್‌ನ ವೇಳಾಪಟ್ಟಿಗೆ ಏರಿಸುವುದು: ತಾಯಿ-ಮಕ್ಕಳ ಜೋಡಣೆ ತಪ್ಪದ ಹಾಗೆ

"ಮೇಡಮ್‌ರ, ಈ ಅಲಾರ್ಮ್ ಕೆಲಸ ಎರಡು ಕಡೆ ಐತಲ್ರೀ. ಯಾವುದು ಖರೇ?"

ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಕಾರ್ಖಾನೆಯ ಮೀಟಿಂಗ್ ಕೋಣೆಯಲ್ಲಿ ಪ್ರೊಡಕ್ಷನ್ ಸೂಪರ್‌ವೈಸರ್ ಹೀಗೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗೋಡೆಯ ಮೇಲೆ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಎಂಬ ವೇಳಾಪಟ್ಟಿ ಸಾಫ್ಟ್‌ವೇರ್‌ನ ಚಾರ್ಟ್ ಕಾಣುತ್ತಿತ್ತು. ಒಂದೇ ಕೆಲಸ ಫರ್ಮ್‌ವೇರ್ (ಯಂತ್ರದೊಳಗೆ ಓಡುವ ಸಾಫ್ಟ್‌ವೇರ್) ಕೆಳಗೂ ಇತ್ತು, ಮೊಬೈಲ್ ಆ್ಯಪ್ ಕೆಳಗೂ ಇತ್ತು. ಒಂದು ಕಡೆ ಅರ್ಧ ಮುಗಿದಿದೆ, ಇನ್ನೊಂದು ಕಡೆ ಶುರುವೇ ಆಗಿಲ್ಲ. ಸೂಪರ್‌ವೈಸರ್ ಕೇಳಿದ್ದು ಸುಮ್ನೆ ಅಲ್ಲ. ಆ ತಾರೀಖು ನೋಡಿಕೊಂಡೇ ಅವರು ವೈರಿಂಗ್‌ಗೆ ಜನರನ್ನು ಕರೆಸಬೇಕಿತ್ತು.

ನಾವು ನೀರೆತ್ತುವ ಪಂಪಿನ ಕಂಟ್ರೋಲ್ ಪ್ಯಾನಲ್ ಮಾಡುತ್ತೇವೆ. ಅದರೊಳಗಿನ ಫರ್ಮ್‌ವೇರ್ ಮತ್ತು ಆ್ಯಪ್ ಬರೆಯುವ ಹುಡುಗರ ಕೆಲಸವೆಲ್ಲ ಜಿರಾ ಎಂಬ, ಕೆಲಸಗಳ ಪಟ್ಟಿ ಇಡುವ ಸಾಫ್ಟ್‌ವೇರ್‌ನಲ್ಲಿ. ಶೀಟ್ ಮೆಟಲ್ ಪೆಟ್ಟಿಗೆ, ಪೌಡರ್ ಕೋಟಿಂಗ್, ವೈರಿಂಗ್, ಟೆಸ್ಟಿಂಗ್ ಎಲ್ಲ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ (ಮುಂದೆ ಬರೀ 'ಪ್ರಾಜೆಕ್ಟ್' ಎನ್ನುತ್ತೇನೆ). ಗಿರಾಕಿ ಕೇಳುವುದು ಪ್ರಾಜೆಕ್ಟ್ ಫೈಲನ್ನು. ಎರಡನ್ನೂ ಹೊಂದಿಸುವುದು ನನ್ನ ಜವಾಬ್ದಾರಿ. ಜೋಡಿಸಿ ಕೊಡುವ ಆ್ಯಪ್‌ಗಳು ಮಾರುಕಟ್ಟೆಯಲ್ಲಿವೆ. ಆದರೆ ಮೊದಲ ಮೂರು ತಿಂಗಳು ಕೈಯಿಂದಲೇ ಮಾಡಿ ಎಂದು ನಾನು ಹೇಳುತ್ತೇನೆ. ಯಾವ ಮಾಹಿತಿ ಯಾವ ಕಡೆಯಿಂದ ಯಾವ ಕಡೆಗೆ ಹೋಗಬೇಕು ಎಂದು ನಿಮಗೇ ಗೊತ್ತಿಲ್ಲದಿದ್ದರೆ ಆ್ಯಪ್ ಅದೇ ಗೊಂದಲವನ್ನು ಬೇಗ ಬೇಗ ಮಾಡುತ್ತದೆ, ಅಷ್ಟೇ.

ನಮ್ಮ ಅಪ್ಪ ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಹಗಲೆಲ್ಲ ಕಿರ್ದಿಯಲ್ಲಿ ವ್ಯವಹಾರ ನಡೆದ ಹಾಗೆ ಬರೆಯುವುದು. ಸಂಜೆ ಅದನ್ನು ಖತಾವಣಿಯಲ್ಲಿ ಆಯಾ ರೈತರ ಪುಟಕ್ಕೆ ಏರಿಸುವುದು. ಏರಿಸಿದ ಮೇಲೆ ಕಿರ್ದಿಯ ಅಂಚಿನಲ್ಲಿ ಖತಾವಣಿಯ ಪುಟದ ಸಂಖ್ಯೆ ಬರೆಯುತ್ತಿದ್ದರು. ಮೊತ್ತ ತಪ್ಪಿದ್ದರೆ ಖತಾವಣಿಯಲ್ಲಿ ತಿದ್ದುತ್ತಿರಲಿಲ್ಲ. ಕಿರ್ದಿಗೆ ಹೋಗಿ ಸರಿ ಮಾಡಿ ಮತ್ತೆ ಏರಿಸುತ್ತಿದ್ದರು. ನಾನು ಈಗ ಮಾಡುವುದೂ ಇದನ್ನೇ. ಜಿರಾ ಕಿರ್ದಿ, ಪ್ರಾಜೆಕ್ಟ್ ಖತಾವಣಿ. ಪ್ರತಿ ಮಾಹಿತಿಗೂ ಒಂದೇ ಮನೆ. ಎರಡರ ನಡುವೆ ಎಂದೂ ಬದಲಾಗದ ಒಂದು ಸಂಖ್ಯೆ.

ಯಾವುದರ ಮನೆ ಎಲ್ಲಿ?

ಇದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ನಮ್ಮಲ್ಲಿ ಕೆಲಸದ ಹೆಸರು, ಅಂದಾಜು ಗಂಟೆ, ಯಾರು ಮಾಡುತ್ತಾರೆ, ಎಷ್ಟು ಮುಗಿದಿದೆ, ಯಾವ ಎಪಿಕ್ (ಹಲವು ಕೆಲಸಗಳ ದೊಡ್ಡ ಗುಂಪು) ಕೆಳಗಿದೆ, ಇಷ್ಟೂ ಜಿರಾದ್ದು. ಯಾವಾಗ ಶುರು, ಯಾವಾಗ ಮುಗಿಯುತ್ತದೆ, ಯಾವುದಾದ ಮೇಲೆ ಯಾವುದು, ಇಷ್ಟು ಪ್ರಾಜೆಕ್ಟ್‌ನದು. ಪ್ರಾಜೆಕ್ಟ್‌ನಲ್ಲಿ ಸ್ಟೋರಿಯ (ಎಪಿಕ್ ಒಳಗಿನ ಒಂದೊಂದು ಕೆಲಸದ) ಹೆಸರು ತಿದ್ದಬಾರದು. ಜಿರಾದಲ್ಲಿ ಎಪಿಕ್‌ನ ತಾರೀಖನ್ನು ಮನಸ್ಸಿಗೆ ಬಂದ ಹಾಗೆ ಹಾಕಬಾರದು. ಇಲ್ಲಿ ಸಡಿಲ ಬಿಟ್ಟರೆ ಮುಂದಿನ ಯಾವ ಹೆಜ್ಜೆಯೂ ನಿಲ್ಲುವುದಿಲ್ಲ.

ಎರಡು ಥರದ ಜೋಡಣೆ

ಮೈಕ್ರೋಸಾಫ್ಟ್ ಪ್ರಾಜೆಕ್ಟ್ 1984ರಲ್ಲಿ ಬಂದದ್ದು, ವೇಳಾಪಟ್ಟಿ ಹಾಕಲೆಂದೇ. ಜಿರಾ 2002ರಲ್ಲಿ ಬಂತು, ಸಾಫ್ಟ್‌ವೇರ್‌ನ ಬಗ್ ಹಿಡಿದಿಡಲು. ಹಾಗಾಗಿ ತಾಯಿ-ಮಕ್ಕಳ ಸಂಬಂಧವನ್ನು ಎರಡೂ ಬೇರೆ ಬೇರೆ ರೀತಿ ನೆನಪಿಡುತ್ತವೆ. ಜಿರಾದಲ್ಲಿ ಪ್ರತಿ ಸ್ಟೋರಿಯ ಒಳಗೆ 'ನನ್ನ ಪೇರೆಂಟ್ ಇಂಥದ್ದು' ಎಂದು ಬರೆದಿರುತ್ತದೆ. ಪಟ್ಟಿಯಲ್ಲಿ ಅದು ಎಲ್ಲೇ ಇರಲಿ, ತಾಯಿ ಬದಲಾಗುವುದಿಲ್ಲ. ಪ್ರಾಜೆಕ್ಟ್‌ನಲ್ಲಿ ಹಾಗಲ್ಲ. ಅಲ್ಲಿ ಕೂತ ಜಾಗವೇ ಸಂಬಂಧ. ಒಂದು ಸಾಲಿನಿಂದ ಮೇಲಕ್ಕೆ ನೋಡುತ್ತ ಹೋದಾಗ, ಅದಕ್ಕಿಂತ ಕಡಿಮೆ ಔಟ್‌ಲೈನ್ ಲೆವೆಲ್ (ಸಾಲು ಎಷ್ಟು ಒಳಗೆ ಸರಿದಿದೆ ಎಂಬ ಸಂಖ್ಯೆ) ಇರುವ ಮೊದಲ ಸಾಲು ಯಾವುದೋ ಅದೇ ತಾಯಿ. ಸಾಲು ಜಾರಿದರೆ ತಾಯಿಯೂ ಬದಲು.

ಲೆಕ್ಕ ಹಾಕುವ ದಿಕ್ಕೂ ಉಲ್ಟಾ. ಜಿರಾ ಕೆಳಗಿನಿಂದ ಎಣಿಸುತ್ತದೆ: ಸ್ಟೋರಿ, ಟಾಸ್ಕ್, ಬಗ್ ಎಲ್ಲ ಸೊನ್ನೆ, ಎಪಿಕ್ 1, ಸಬ್‌ಟಾಸ್ಕ್ (ಸ್ಟೋರಿಯನ್ನು ಒಡೆದ ಚಿಕ್ಕ ತುಂಡು) ಮೈನಸ್ 1. ಪ್ರಾಜೆಕ್ಟ್ ಮೇಲಿನಿಂದ ಎಣಿಸುತ್ತದೆ: ತುದಿಯ ಸಾಲು 1, ಅದರ ಕೆಳಗೆ 2, 3. ನಮ್ಮ ಫೈಲಿನಲ್ಲಿ ತುದಿಯಲ್ಲಿ 'ಸಾಫ್ಟ್‌ವೇರ್', 'ಪ್ಯಾನಲ್ ತಯಾರಿ', 'ಸೈಟ್ ಕೆಲಸ' ಎಂಬ ಹಂತಗಳಿವೆ. ಅವು ಜಿರಾದಲ್ಲಿ ಇಲ್ಲವೇ ಇಲ್ಲ, ಇರಬೇಕಾಗಿಯೂ ಇಲ್ಲ. ಹಾಗಾಗಿ 3ರಲ್ಲಿ ಜಿರಾದ ಲೆವೆಲ್ ಕಳೆದರೆ ಪ್ರಾಜೆಕ್ಟ್‌ನ ಲೆವೆಲ್ ಸಿಗುತ್ತದೆ. ಎಪಿಕ್ 2ಕ್ಕೆ ಬರುತ್ತದೆ, ಸ್ಟೋರಿ 3ಕ್ಕೆ.

ಸಬ್‌ಟಾಸ್ಕ್ ತರಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಅವು ದಿನಾ ಹುಟ್ಟುತ್ತವೆ, ದಿನಾ ಅಳಿಯುತ್ತವೆ. ಪ್ರಾಜೆಕ್ಟ್‌ಗೆ ತಂದರೆ ಸ್ಟೋರಿ ಸಮ್ಮರಿ ಸಾಲು, ಅಂದರೆ ಮಕ್ಕಳಿರುವ ತಾಯಿ ಸಾಲು, ಆಗಿಬಿಡುತ್ತದೆ. ಆಮೇಲೆ ಅದರ ಅವಧಿಯನ್ನು ಪ್ರಾಜೆಕ್ಟ್ ಮಕ್ಕಳಿಂದ ಲೆಕ್ಕ ಹಾಕುತ್ತದೆ, ನೀವು ಹಾಕಿದ್ದು ನಿಲ್ಲುವುದಿಲ್ಲ. ಗಂಟೆ ಎರಡು ಸಲ ಎಣಿಕೆಯಾಗುವ ಅಪಾಯವೂ ಇದೆ. ಸ್ಟೋರಿಗೆ 16 ಗಂಟೆ ಬರೆದು, ಅದರ ಮೂರು ಸಬ್‌ಟಾಸ್ಕ್‌ಗೆ 6, 6, 4 ಎಂದೂ ಬರೆದಿದ್ದರೆ ಒಟ್ಟು 32 ಆಗುತ್ತದೆ. ಅಂದಾಜು ಸ್ಟೋರಿಯಲ್ಲಿ ಮಾತ್ರ ಇರಲಿ ಎಂದು ಹುಡುಗರಿಗೆ ಹೇಳಿಬಿಡಿ. ನಮ್ಮವರು ಎರಡು ವಾರದಲ್ಲಿ ರೂಢಿ ಮಾಡಿಕೊಂಡರು.

ಮೊದಲು ಪ್ರಾಜೆಕ್ಟ್ ಸಿದ್ಧ ಮಾಡಿ

ಖಾಲಿ ಫೈಲ್ ತೆರೆಯಿರಿ. ಹೊಸ ಕೆಲಸಗಳು ಮ್ಯಾನ್ಯುವಲ್ ಆಗಿ ಬರುವ ಹಾಗೆ ಇರುತ್ತದೆ, ಅದನ್ನು ಆಟೋ ಶೆಡ್ಯೂಲ್‌ಗೆ ಬದಲಿಸಿ. ಇಲ್ಲದಿದ್ದರೆ ಒಂದು ಕೆಲಸ ತಡವಾದರೂ ಅದಾದ ಮೇಲಿನವು ತಾವಾಗಿ ಸರಿಯುವುದಿಲ್ಲ.

ಕ್ಯಾಲೆಂಡರ್‌ಗೆ ಅರ್ಧ ಗಂಟೆ ಕೊಡಿ. ಪ್ರಾಜೆಕ್ಟ್‌ನ ಸ್ಟ್ಯಾಂಡರ್ಡ್ ಕ್ಯಾಲೆಂಡರ್ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 8ರಿಂದ ಸಂಜೆ 5, ನಡುವೆ ಒಂದು ಗಂಟೆ ಊಟ. ನಮ್ಮ ಪಾಳಿ 9:30ಕ್ಕೆ ಶುರು, ಶನಿವಾರವೂ ಕೆಲಸ. ಕ್ಯಾಲೆಂಡರ್‌ನಲ್ಲಿ ಸಮಯ ಬದಲಿಸಿದರೆ ಸಾಲದು, ಆಪ್ಷನ್ಸ್‌ನ ಶೆಡ್ಯೂಲ್ ಪುಟದಲ್ಲಿರುವ ಶುರುವಿನ ಸಮಯವನ್ನೂ ಬದಲಿಸಬೇಕು. ಅದು ತಾನಾಗಿ ಬದಲಾಗುವುದಿಲ್ಲ. ಇನ್ನು ರಜೆ. ಹೋಳಿ ಹುಣ್ಣಿಮೆಯಾಗಿ ಐದನೇ ದಿನ ಹುಬ್ಬಳ್ಳಿಯಲ್ಲಿ ರಂಗಪಂಚಮಿ. ಅವತ್ತು ಊರೇ ಬಣ್ಣದಲ್ಲಿರುತ್ತದೆ, ನಮ್ಮ ಕಾರ್ಖಾನೆಗೆ ಬೀಗ. ಬೆಂಗಳೂರಿನ ಗಿರಾಕಿ ಕಳಿಸಿದ ಕ್ಯಾಲೆಂಡರ್‌ನಲ್ಲಿ ಆ ದಿನ ಇರಲಿಲ್ಲ. ನಾನು ಸೇರಿಸಿದೆ. ಆಯುಧ ಪೂಜೆಯ ದಿನವನ್ನೂ ನೋಡಿಕೊಳ್ಳಿ, ಆ ಹೊತ್ತಿನಲ್ಲಿ ಮಷೀನು ನಡೆಯುವುದಿಲ್ಲ ಅಲ್ವಾ.

ಆಮೇಲೆ ಕಸ್ಟಮ್ ಫೀಲ್ಡ್‌ಗಳು. ಪ್ರಾಜೆಕ್ಟ್‌ನಲ್ಲಿ ಟೆಕ್ಸ್ಟ್1ರಿಂದ ಟೆಕ್ಸ್ಟ್30ರವರೆಗೆ ಖಾಲಿ ಕಾಲಂಗಳಿವೆ. ಹೆಸರು ಬದಲಿಸಿ ಬಳಸಬಹುದು. ನನಗೆ ನಾಲ್ಕು ಸಾಕು. ಟೆಕ್ಸ್ಟ್1ರಲ್ಲಿ ಜಿರಾದ ಐಡಿ. ಟೆಕ್ಸ್ಟ್2ರಲ್ಲಿ ಜಿರಾದ ಕೀ. ಟೆಕ್ಸ್ಟ್3ರಲ್ಲಿ 'ಕೂರಿಸಿದ ಪೇರೆಂಟ್', ಅಂದರೆ ಪ್ರಾಜೆಕ್ಟ್‌ನಲ್ಲಿ ಸಾಲು ಯಾವ ತಾಯಿಯ ಕೆಳಗಿದೆ ಎಂಬುದು. ಟೆಕ್ಸ್ಟ್4ರಲ್ಲಿ 'ಈಗಿನ ಪೇರೆಂಟ್', ಅಂದರೆ ಜಿರಾದಲ್ಲಿ ಈಗ ಇರುವ ತಾಯಿ. ಜೊತೆಗೆ ಡೇಟ್1ರಲ್ಲಿ ಕೊನೆಯ ಸಲ ಏರಿಸಿದ ದಿನ. ಫ್ಲ್ಯಾಗ್1ಕ್ಕೆ ಒಂದು ಸೂತ್ರ: ಟೆಕ್ಸ್ಟ್3 ಮತ್ತು ಟೆಕ್ಸ್ಟ್4 ಬೇರೆ ಇದ್ದರೆ 'ಹೌದು', ಒಂದೇ ಇದ್ದರೆ 'ಇಲ್ಲ'. ಇದರ ಉಪಯೋಗ ಮುಂದೆ ಹೇಳುತ್ತೇನೆ.

ಐಡಿ ಮತ್ತು ಕೀ ಎರಡೂ ಯಾಕೆ? ಆ ಅಲಾರ್ಮ್ ಕೆಲಸದ ಕಥೆ ಇಲ್ಲೇ ಇದೆ. ಕೀ ಅಂದರೆ 'ಪಿಎನ್-142' ಥರದ್ದು, ಎಲ್ಲರೂ ಬಾಯಲ್ಲಿ ಹೇಳುವುದು. ನಾನು ಅದನ್ನೇ ಗುರುತು ಎಂದು ಹಿಡಿದಿದ್ದೆ. ಜಿರಾದೊಳಗಿನ ಕೆಲಸದ ವಿಭಾಗಕ್ಕೂ 'ಪ್ರಾಜೆಕ್ಟ್' ಎಂದೇ ಹೆಸರು; ಒಂದು ದಿನ ಆ ಸ್ಟೋರಿಯನ್ನು ಜಿರಾದ ಪ್ಯಾನಲ್ ಪ್ರಾಜೆಕ್ಟ್‌ನಿಂದ ಆ್ಯಪ್ ಪ್ರಾಜೆಕ್ಟ್‌ಗೆ ಸಾಗಿಸಿದರು. ಕೀ ಬದಲಾಯಿತು. ಜಿರಾದೊಳಗೆ ಹಳೆಯ ಕೀ ಒತ್ತಿದರೆ ಹೊಸದಕ್ಕೆ ಕರೆದೊಯ್ಯುತ್ತದೆ, ಹಾಗಾಗಿ ಯಾರಿಗೂ ತೊಂದರೆ ಕಾಣಲಿಲ್ಲ. ನನ್ನ ಫೈಲಿಗೆ ಮಾತ್ರ ಅದು ಹೊಸ ಕೆಲಸವಾಗಿ ಕಂಡು ಇನ್ನೊಂದು ಸಾಲು ಸೇರಿತು. ಜಿರಾದ ಒಳಗಿನ ಐಡಿ, ಅದು ಬರೀ ಅಂಕಿ, ಸಾಗಿಸಿದರೂ ಬದಲಾಗುವುದಿಲ್ಲ. ಗುರುತಿಗೆ ಅದೇ ಇರಲಿ, ಕೀ ಜನರಿಗೆ ಓದಲು ಇರಲಿ.

ಪ್ರಾಜೆಕ್ಟ್‌ನ ಎಡ ತುದಿಯ ಸಾಲಿನ ಸಂಖ್ಯೆಯನ್ನು ಗುರುತಾಗಿ ಬಳಸುವವರೂ ಇದ್ದಾರೆ. ಬೇಡ. ಮೇಲೊಂದು ಸಾಲು ಸೇರಿಸಿದರೆ ಕೆಳಗಿನ ಸಂಖ್ಯೆಗಳೆಲ್ಲ ಬದಲು. ಯೂನಿಕ್ ಐಡಿ ಎಂಬ ಬೇರೆ ಕಾಲಂ ಇದೆ, ಬೇಕಿದ್ದರೆ ಅದು.

ಜಿರಾದಿಂದ ತೆಗೆಯುವುದು

ಸಬ್‌ಟಾಸ್ಕ್ ಬಿಟ್ಟು ಉಳಿದದ್ದನ್ನೆಲ್ಲ ಫಿಲ್ಟರ್ ಮಾಡಿ ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮ ಇರುವ ಸಾದಾ ಫೈಲ್) ಎಕ್ಸ್‌ಪೋರ್ಟ್ ಮಾಡಿ. ಈ ಕಾಲಂಗಳು ಬೇಕು: ಐಡಿ, ಕೀ, ಪೇರೆಂಟ್, ಬಗೆ, ಹೆಸರು, ಸ್ಥಿತಿ, ಒರಿಜಿನಲ್ ಎಸ್ಟಿಮೇಟ್. ಸ್ಟೋರಿಯ ಹೆಸರಿನಲ್ಲಿ ಕನ್ನಡ ಇದ್ದರೆ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ, ಅಕ್ಷರ ಕೆಡುತ್ತವೆ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಯುಟಿಎಫ್-8 ಎಂದು ಆರಿಸಿ ತನ್ನಿ. ಕೊನೆಗೆ ಎಕ್ಸೆಲ್ ಫೈಲಾಗಿಯೇ ಉಳಿಸಿ.

ಈಗ ಸಾಲುಗಳನ್ನು ಸರಿಯಾಗಿ ಜೋಡಿಸಬೇಕು. ಇಡೀ ಕೆಲಸದಲ್ಲಿ ಜೀವ ಇರುವುದು ಇಲ್ಲೇ. 'ಗುಂಪು' ಎಂದು ಒಂದು ಹೊಸ ಕಾಲಂ ಮಾಡಿ. ಸಾಲು ಎಪಿಕ್ ಆಗಿದ್ದರೆ ಅದರದೇ ಐಡಿ, ಸ್ಟೋರಿಯಾಗಿದ್ದರೆ ಪೇರೆಂಟ್‌ನ ಐಡಿ. 'ಲೆವೆಲ್' ಎಂದು ಇನ್ನೊಂದು ಕಾಲಂ, ಎಪಿಕ್‌ಗೆ 2, ಉಳಿದದ್ದಕ್ಕೆ 3. ಮೊದಲು ಗುಂಪು, ಆಮೇಲೆ ಲೆವೆಲ್, ಆಮೇಲೆ ಐಡಿ, ಈ ಕ್ರಮದಲ್ಲಿ ಸಾರ್ಟ್ ಮಾಡಿ. ಪ್ರತಿ ಎಪಿಕ್, ಅದರ ಬೆನ್ನಿಗೇ ಅದರ ಮಕ್ಕಳು, ಹೀಗೆ ಸಾಲಾಗಿ ಕೂರುತ್ತವೆ. ಕೀ ಹಿಡಿದು ಸಾರ್ಟ್ ಮಾಡಿದರೆ ಅದು ಅಕ್ಷರದ ಲೆಕ್ಕ, 'ಪಿಎನ್-9' ಹೋಗಿ 'ಪಿಎನ್-88'ರ ಕೆಳಗೆ ಕೂರುತ್ತದೆ. ಐಡಿ ಅಂಕಿಯಾದ್ದರಿಂದ ಆ ತಾಪತ್ರಯ ಇಲ್ಲ.

ಎಪಿಕ್ ಇಲ್ಲದ ಸ್ಟೋರಿಗಳನ್ನು ಮರೆಯಬೇಡಿ. ಗುಂಪಿನ ಕಾಲಂ ಖಾಲಿ ಇರುವ ಅವು ಸಾರ್ಟ್ ಮಾಡಿದಾಗ ತಳಕ್ಕೆ ಹೋಗುತ್ತವೆ. ಪ್ರಾಜೆಕ್ಟ್‌ಗೆ ಬಂದಾಗ ಕೊನೆಯ ಎಪಿಕ್‌ನ ಮಕ್ಕಳೆಂದೇ ಕಾಣುತ್ತವೆ. ನಾನು ಅವುಗಳ ಗುಂಪಿಗೆ 99999999 ಎಂದು ತುಂಬುತ್ತೇನೆ. ಅದೇ ಗುಂಪಿನಲ್ಲಿ 'ಎಪಿಕ್ ಸಿಗದ ಕೆಲಸ' ಎಂದು ಲೆವೆಲ್ 2ರ ಒಂದು ಸಾಲನ್ನು ಕೈಯಿಂದ ಸೇರಿಸುತ್ತೇನೆ. ಈ ಗುಂಪು ಬೆಳೆಯುತ್ತಿದ್ದರೆ ಹುಡುಗರ ಜೊತೆ ಕೂತು ಮಾತಾಡಬೇಕು. ಬೇರೆ ಉಪಾಯ ಇಲ್ಲ.

ಇನ್ನು ಗಂಟೆ. ಜಿರಾದ ಸಿಎಸ್‌ವಿಯಲ್ಲಿ ಅಂದಾಜು ಸೆಕೆಂಡಿನಲ್ಲಿ ಬರುತ್ತದೆ. ಪರದೆಯ ಮೇಲೆ 'ಒಂದು ದಿನ' ಎಂದು ಕಾಣುವುದು ಫೈಲಿನಲ್ಲಿ 28800. ನಾನು ಮೊದಲ ಸಲ ಅದನ್ನೇ ಗಂಟೆ ಎಂದು ಅವಧಿಗೆ ಹಾಕಿದ್ದೆ. ಒಂದು ದಿನದ ಕೆಲಸಕ್ಕೆ 28,800 ಗಂಟೆ, ಅಂದರೆ 3,600 ದಿನ. ಪಟ್ಟಿ ಪರದೆ ದಾಟಿ ಹೋಯಿತು. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ, ಅದು ಒಳ್ಳೆಯದೇ. 3600ರಿಂದ ಭಾಗಿಸಿದರೆ ಗಂಟೆ ಬರುತ್ತದೆ. ನಾನು ಅದನ್ನು ಮತ್ತೆ 6ರಿಂದ ಭಾಗಿಸಿ ದಿನ ಮಾಡುತ್ತೇನೆ, 8ರಿಂದ ಅಲ್ಲ. ಚಹಾ, ಮೀಟಿಂಗ್, ಸೈಟಿನಿಂದ ಬರುವ ಫೋನು, ಎಲ್ಲ ಕಳೆದು ಹುಡುಗರಿಗೆ ಕೂತು ಬರೆಯಲು ಸಿಗುವುದು ದಿನಕ್ಕೆ ಆರು ಗಂಟೆ. ಒಂದು ತಿಂಗಳು ಪಕ್ಕದಲ್ಲಿ ಕೂತು ನೋಡಿ ಈ ಸಂಖ್ಯೆ ಹಿಡಿದಿದ್ದೇನೆ. ನಿಮ್ಮಲ್ಲಿ ಎಷ್ಟೋ ನೀವು ನೋಡಿ. ದಿನದ ಸಂಖ್ಯೆಯ ಬಲಕ್ಕೆ ಇಂಗ್ಲಿಷಿನ ಡಿ ಅಕ್ಷರ ಅಂಟಿಸಿ (2d ಹೀಗೆ), ಆಗ ಪ್ರಾಜೆಕ್ಟ್‌ಗೆ ಗೊಂದಲ ಆಗುವುದಿಲ್ಲ.

ಮೊದಲ ಸಲ ಏರಿಸುವುದು

ಪ್ರಾಜೆಕ್ಟ್‌ನ ಓಪನ್‌ನಿಂದ ಆ ಎಕ್ಸೆಲ್ ಫೈಲ್ ಆರಿಸಿದರೆ ಇಂಪೋರ್ಟ್ ವಿಝಾರ್ಡ್ ಬರುತ್ತದೆ. ಹೊಸ ಮ್ಯಾಪ್ (ಎಕ್ಸೆಲ್‌ನ ಯಾವ ಕಾಲಂ ಪ್ರಾಜೆಕ್ಟ್‌ನ ಯಾವ ಕಾಲಂಗೆ ಎಂಬ ಜೋಡಣೆ) ಮಾಡಿ. ಈಗಿನ ಫೈಲಿಗೆ ಸೇರಿಸು ಎಂದು ಆರಿಸಿ. ಹೆಸರು, ಔಟ್‌ಲೈನ್ ಲೆವೆಲ್, ಅವಧಿ, ಟೆಕ್ಸ್ಟ್1ರಿಂದ ಟೆಕ್ಸ್ಟ್4, ಡೇಟ್1, ಇಷ್ಟನ್ನೇ ಜೋಡಿಸಿ. ಟೆಕ್ಸ್ಟ್3ಕ್ಕೂ ಟೆಕ್ಸ್ಟ್4ಕ್ಕೂ ಈ ಸಲ ಒಂದೇ ಗುಂಪಿನ ಸಂಖ್ಯೆ.

ಶುರುವಿನ ತಾರೀಖು, ಮುಗಿಯುವ ತಾರೀಖು ಖಂಡಿತ ಜೋಡಿಸಬೇಡಿ. ಪ್ರಾಜೆಕ್ಟ್‌ನಲ್ಲಿ ಸ್ಟಾರ್ಟ್ ಕಾಲಂಗೆ ತಾರೀಖು ಹಾಕಿದರೆ 'ಇದಕ್ಕಿಂತ ಮೊದಲು ಶುರು ಮಾಡಬೇಡ' ಎಂಬ ಕಟ್ಟು ಬೀಳುತ್ತದೆ. ಇನ್ನೂರು ಸಾಲಿಗೆ ಇನ್ನೂರು ಕಟ್ಟು. ಆಮೇಲೆ ಹಿಂದಿನ ಕೆಲಸ ಬೇಗ ಮುಗಿದರೂ ಮುಂದಿನದು ಮುಂಚೆ ಬರುವುದಿಲ್ಲ. ವೇಳಾಪಟ್ಟಿ ಹೋಗಿ ಬರೀ ಚಿತ್ರ ಉಳಿಯುತ್ತದೆ. ನಾನು ಒಮ್ಮೆ ಇಂಥ ಫೈಲನ್ನು ಇನ್ನೊಬ್ಬರಿಂದ ಪಡೆದು, ಒಂದೊಂದೇ ಕಟ್ಟು ಬಿಚ್ಚುತ್ತ ಇಡೀ ಭಾನುವಾರ ಕಳೆದಿದ್ದೇನೆ.

ಯಾವುದಾದ ಮೇಲೆ ಯಾವುದು ಎಂಬುದನ್ನು ಕೈಯಿಂದಲೇ ಹಾಕಿ. ಜಿರಾದಲ್ಲಿ 'ಇದು ಅದನ್ನು ತಡೆಯುತ್ತಿದೆ' ಎಂಬ ಕೊಂಡಿ ಇರುತ್ತದೆ ನಿಜ. ಆದರೆ ಹುಡುಗರು ಅದನ್ನು ಒಬ್ಬರಿಗೊಬ್ಬರು ಎಚ್ಚರಿಸಲು ಹಾಕುತ್ತಾರೆ, ವೇಳಾಪಟ್ಟಿ ನೋಡಿ ಹಾಕುವುದಿಲ್ಲ. ಕೊಂಡಿಗಳ ಪಟ್ಟಿ ತೆಗೆದುಕೊಂಡು ಅವರ ಜೊತೆ ಒಮ್ಮೆ ಕೂತರೆ ಸಾಕು. ಸ್ಟೋರಿಯಿಂದ ಸ್ಟೋರಿಗೆ ಕೊಂಡಿ ಹಾಕಿ, ಎಪಿಕ್ ಸಾಲಿಗೆ ಹಾಕಬೇಡಿ. ನಮ್ಮಲ್ಲಿ ಬೆಲೆ ಇರುವ ಕೊಂಡಿಗಳೆಂದರೆ ಸಾಫ್ಟ್‌ವೇರ್‌ನಿಂದ ಶಾಪ್‌ಫ್ಲೋರ್‌ಗೆ ಹೋಗುವವು. ಫರ್ಮ್‌ವೇರ್‌ನ 'ಡ್ರೈ ರನ್ ತಡೆ' (ನೀರಿಲ್ಲದೆ ಪಂಪ್ ಓಡದಂತೆ ತಡೆಯುವ) ಸ್ಟೋರಿ ಮುಗಿಯದೆ ಪ್ಯಾನಲ್ ಟೆಸ್ಟಿಂಗ್ ಶುರುವಾಗುವಂತಿಲ್ಲ. ಆ ಒಂದು ಗೆರೆಗಾಗಿಯೇ ಇಷ್ಟೆಲ್ಲ ಮಾಡುವುದು.

ಎಲ್ಲ ಕೂತ ಮೇಲೆ ಬೇಸ್‌ಲೈನ್ ಹಾಕಿ, ಅಂದರೆ ಮುಂದೆ ಹೋಲಿಸಿ ನೋಡಲು ಈ ಮೊದಲ ಯೋಜನೆಯನ್ನು ಹಿಡಿದಿಡಿ.

ಪ್ರತಿ ಶನಿವಾರ

ಬೆಳಿಗ್ಗೆ ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವಾಗಲೇ ಫೋನಿನಲ್ಲಿ ಜಿರಾ ತೆರೆದು ಹೊಸ ಎಪಿಕ್ ಬಂದಿದೆಯಾ ಎಂದು ನೋಡಿಕೊಳ್ಳುತ್ತೇನೆ. ಹೊಸ ಎಪಿಕ್ ಇದ್ದರೆ ಪ್ರಾಜೆಕ್ಟ್‌ನಲ್ಲಿ ಕೈಯಿಂದ ಸಾಲು ಮಾಡುತ್ತೇನೆ. ತಿಂಗಳಿಗೆ ಒಂದೋ ಎರಡೋ, ಅಷ್ಟೇ.

ಆಫೀಸಿಗೆ ಬಂದು ಮೊದಲು ಹಳೆಯ ಫೈಲಿನ ಒಂದು ನಕಲು ಇಡುತ್ತೇನೆ, ಹೆಸರಿನಲ್ಲಿ ತಾರೀಖಿನ ಸಮೇತ. ಆಮೇಲೆ ಅದೇ ರೀತಿ ಎಕ್ಸ್‌ಪೋರ್ಟ್. ಆದರೆ ಈ ಸಲ ಎಪಿಕ್ ಸಾಲುಗಳನ್ನು ಎಕ್ಸೆಲ್‌ನಿಂದ ತೆಗೆದುಬಿಡಬೇಕು. ಕಾರಣ ಇದೆ. ಸಮ್ಮರಿ ಸಾಲಿಗೆ ಶೇಕಡಾ ಹಾಕಿದರೆ ಪ್ರಾಜೆಕ್ಟ್ ಅದನ್ನು ಮಕ್ಕಳಿಗೆ ಹಂಚಿಬಿಡುತ್ತದೆ. ಯಾರೂ ಮುಟ್ಟದ ಸ್ಟೋರಿಯೂ ಅರ್ಧ ಮುಗಿದ ಹಾಗೆ ಕಾಣುತ್ತದೆ.

ಇಂಪೋರ್ಟ್‌ನಲ್ಲಿ ಈಗ 'ಮರ್ಜ್' (ಇರುವ ಸಾಲಿಗೇ ಹೊಸ ಮಾಹಿತಿ ಬೆರೆಸುವುದು) ಆರಿಸಿ, ಟೆಕ್ಸ್ಟ್1ನ್ನು ಮರ್ಜ್ ಕೀ, ಅಂದರೆ ಸಾಲು ಗುರುತಿಸುವ ಕಾಲಂ, ಎಂದು ಗೊತ್ತುಮಾಡಿ. ತರಬೇಕಾದ್ದು ಹೆಸರು, ಟೆಕ್ಸ್ಟ್2, ಟೆಕ್ಸ್ಟ್4, ಡೇಟ್1, ಶೇಕಡಾ. ಟೆಕ್ಸ್ಟ್3ನ್ನು ಮುಟ್ಟಬೇಡಿ. ಶೇಕಡಾಕ್ಕೆ ಮೂರೇ ಸಂಖ್ಯೆ: ಶುರುವಾಗದ್ದು 0, ನಡೆಯುತ್ತಿರುವುದು 50, ಮುಗಿದದ್ದು 100. ಇದಕ್ಕಿಂತ ಸೂಕ್ಷ್ಮ ಬೇಕು ಎನ್ನುವವರಿದ್ದಾರೆ. ಹುಡುಗರು ಬರೆದ ಗಂಟೆಯಿಂದ 'ಶೇಕಡಾ 73' ಎಂದು ತೆಗೆದರೆ ಅದು ನಿಖರವಾಗಿ ಕಾಣುತ್ತದೆ, ನಿಖರವಾಗಿರುವುದಿಲ್ಲ. ಶೇಕಡಾ ಹಾಕಿದ ಕೂಡಲೇ ಪ್ರಾಜೆಕ್ಟ್ 'ಯೋಜನೆಯ ದಿನವೇ ಶುರುವಾಗಿದೆ' ಎಂದು ಬರೆದುಕೊಳ್ಳುತ್ತದೆ. ನಿಜವಾಗಿ ತಡವಾಗಿ ಶುರುವಾಗಿದ್ದರೆ ಆಕ್ಚುಯಲ್ ಸ್ಟಾರ್ಟ್ ಅನ್ನು ನೀವೇ ತಿದ್ದಬೇಕು. ನಡೆಯುತ್ತಿರುವ ಕೆಲಸ ಹಿಗ್ಗಿದ್ದರೆ ಉಳಿದ ದಿನಗಳನ್ನು ರಿಮೇನಿಂಗ್ ಡ್ಯುರೇಶನ್‌ನಲ್ಲಿ ಬರೆಯಿರಿ.

ಐಡಿ ಇಲ್ಲದ ಪೌಡರ್ ಕೋಟಿಂಗ್, ವೈರಿಂಗ್ ಸಾಲುಗಳನ್ನು ಮರ್ಜ್ ಮುಟ್ಟುವುದಿಲ್ಲ. ಹೊಸ ಸ್ಟೋರಿಗಳು ಫೈಲಿನ ತಳಕ್ಕೆ ಬಂದು ಕೂರುತ್ತವೆ. ಹಳೆಯ ಸ್ಟೋರಿಗೆ ಜಿರಾದಲ್ಲಿ ಎಪಿಕ್ ಬದಲಾಗಿದ್ದರೂ ಇಲ್ಲಿ ಅದು ಹಳೆಯ ಜಾಗದಲ್ಲೇ ಇರುತ್ತದೆ. ಮರ್ಜ್ ಮಾಹಿತಿ ತುಂಬುತ್ತದೆ, ಸಾಲು ಸರಿಸುವುದಿಲ್ಲ.

ಫ್ಲ್ಯಾಗ್1 ಇದಕ್ಕೇ ಇರುವುದು. 'ಹೌದು' ಇರುವ ಸಾಲುಗಳನ್ನು ಫಿಲ್ಟರ್ ಮಾಡಿ ಪಟ್ಟಿ ಬರೆದುಕೊಳ್ಳಿ. ತಾಯಿ ಬದಲಾದವೂ ಸಿಗುತ್ತವೆ, ಟೆಕ್ಸ್ಟ್3 ಖಾಲಿ ಇರುವ ಹೊಸವೂ ಸಿಗುತ್ತವೆ. ಹೊಸವಕ್ಕೆ ಅವಧಿ ತುಂಬಿ. ಫಿಲ್ಟರ್ ತೆಗೆದು, ಒಂದೊಂದನ್ನೇ ಸರಿಯಾದ ಎಪಿಕ್ ಕೆಳಗೆ ಎಳೆದು ಬಿಡಿ, ಲೆವೆಲ್ 3 ಆಗಿದೆಯಾ ನೋಡಿ. ಆಮೇಲೆ ಟೆಕ್ಸ್ಟ್4ರ ಸಂಖ್ಯೆಯನ್ನು ಟೆಕ್ಸ್ಟ್3ಕ್ಕೆ ಬರೆಯಿರಿ. ಫ್ಲ್ಯಾಗ್ ಆರಿಹೋಗುತ್ತದೆ. ಅಪ್ಪ ಕಿರ್ದಿಯ ಅಂಚಿನಲ್ಲಿ ಪುಟದ ಸಂಖ್ಯೆ ಬರೆದ ಹಾಗೆಯೇ ಇದು, ಏರಿಸಿ ಆಯಿತು ಎಂಬ ಗುರುತು. ಸಾಲನ್ನು ಕಾಪಿ ಮಾಡಿ ಅಂಟಿಸಬೇಡಿ, ಐಡಿಯೂ ಕಾಪಿಯಾಗಿ ಮತ್ತೆ ಒಂದೇ ಕೆಲಸ ಎರಡು ಕಡೆ ಕಾಣುತ್ತದೆ.

ಕೊನೆಗೆ ಡೇಟ್1 ನೋಡಿ. ಎಪಿಕ್ ಸಾಲುಗಳನ್ನು ಬಿಟ್ಟು, ಟೆಕ್ಸ್ಟ್1ರಲ್ಲಿ ಐಡಿ ಇದೆ, ಆದರೆ ಡೇಟ್1ರಲ್ಲಿ ಈ ಶನಿವಾರದ ತಾರೀಖಿಲ್ಲ ಎಂದರೆ ಆ ಸ್ಟೋರಿ ಈ ವಾರ ಜಿರಾದ ಪಟ್ಟಿಯಲ್ಲಿ ಬಂದೇ ಇಲ್ಲ. ಯಾರೋ ಅಳಿಸಿದ್ದಾರೆ, ಇಲ್ಲವೇ ನಿಮ್ಮ ಫಿಲ್ಟರ್‌ನಲ್ಲಿಲ್ಲದ ಜಿರಾದ ಬೇರೆ ಪ್ರಾಜೆಕ್ಟ್‌ಗೆ ಸಾಗಿಸಿದ್ದಾರೆ. ಕೇಳದೆ ಸಾಲು ತೆಗೆಯಬೇಡಿ. ಅದರ ಹಿಂದೆ ವೈರಿಂಗ್‌ನ ಕೊಂಡಿ ಇರಬಹುದು.

ವಾಪಸ್ ಜಿರಾಕ್ಕೆ ಹೋಗುವುದು ಎಪಿಕ್‌ನ ಮುಗಿಯುವ ತಾರೀಖು ಒಂದೇ. ನಮ್ಮಲ್ಲಿ ಹನ್ನೆರಡು ಎಪಿಕ್. ಪ್ರಾಜೆಕ್ಟ್ ನೋಡಿಕೊಂಡು ಡ್ಯೂ ಡೇಟ್‌ನಲ್ಲಿ ಕೈಯಿಂದ ತುಂಬುತ್ತೇನೆ, ಹತ್ತು ನಿಮಿಷದ ಕೆಲಸ. ಒಂದು ವಾರಕ್ಕಿಂತ ಜಾಸ್ತಿ ಸರಿದ ಎಪಿಕ್ ಇದ್ದರೆ ಬರೀ ತಾರೀಖು ಬದಲಿಸಿ ಬಿಡುವುದಿಲ್ಲ. ಎದ್ದು ಹೋಗಿ ಆ ಹುಡುಗನಿಗೂ ಸೂಪರ್‌ವೈಸರ್‌ಗೂ ಬಾಯಿಬಿಟ್ಟು ಹೇಳಿ ಬರುತ್ತೇನೆ.